ಬ್ಲೆಂಕಿನ್‌ನ ಕ್ರೋಕಸ್ ಕಾಳಗ

ನಮ್ಮ ಥಾರ್ಪ್‌ಬಿ ಹಳ್ಳಿಯಲ್ಲಿ ಯಾರೇ ಆದರೂ ಒಂದು ಸಲವಷ್ಟೇ ಸಾಯುತ್ತಾರೆ. ಆಂಬ್ರೋಸ್ ಬ್ಲೆಂಕಿನ್ ಮಾತ್ರ ಪ್ರತಿ ಫೆಬ್ರವರಿಯಲ್ಲೂ ನಾಲ್ಕೈದು ಸಲ ಸತ್ತು, ಎದ್ದು, ಚಹಾ ಕುಡಿಯುತ್ತಿದ್ದ. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕವುಚಿ ಬಿದ್ದವನನ್ನು ಕಂಡು ಅಂಚೆಯವಳು ಎರಡು ಸಲ ಆಂಬ್ಯುಲೆನ್ಸ್ ಕರೆಸಿದ್ದಳು. ಪಾದ್ರಿಗಳು ಒಮ್ಮೆ ಅರ್ಧ ಪ್ರಾರ್ಥನೆಯನ್ನೇ ಮುಗಿಸಿದ್ದರು. ಆಗ ಹೆಣ ತಲೆಯೆತ್ತಿ, "ಕಾಲು ನೋಡ್ಕೊಳಿ ಸ್ವಾಮಿ, ಎಳೇ ಗೆಡ್ಡೆ ಮೇಲೆ ನಿಂತಿದೀರ" ಎಂದಿತ್ತು.

ಅವನು ಹಾಗೆ ಬೀಳುತ್ತಿದ್ದುದು ಕ್ರೋಕಸ್ ನೋಡಲಿಕ್ಕೆ. ಬೆರಳುದ್ದದ ಹೂವು, ಮೂಗು ನೆಲಕ್ಕೆ ತಾಗಿಸದೆ ಅದರ ವಾಸನೆ ಸಿಗದು. ಮೂವತ್ತು ವರ್ಷ ಹಂದಿ ಕಡಿದ ಈ ಕಟುಕ, ಈಗ ಕೇಸರಿ ಹೂವಿನ ದಾಯಾದಿಗಳಾದ ಮೂವತ್ತೆಂಟು ಬಗೆಯ ಕ್ರೋಕಸ್‌ಗಳನ್ನು ಮರಳಲ್ಲಿ ಹೂತ ಮಣ್ಣಿನ ಕುಂಡಗಳಲ್ಲಿ ಸಾಕುತ್ತಿದ್ದ. ಅದರಲ್ಲೊಂದು ಅವನೇ ಬೀಜ ಬಿತ್ತಿ ಬೆಳೆಸಿದ್ದು. ಐದು ವರ್ಷ ಬರೀ ಹುಲ್ಲಿನೆಳೆ ತೋರಿಸಿ ಸತಾಯಿಸಿದ ಮೇಲೆ ಈ ಸಲ ಮೂರು ಮೊಗ್ಗು ಬಿಟ್ಟಿತ್ತು: ಹೊರಗೆ ಬಿಸ್ಕತ್ ಬಣ್ಣ, ಅದರ ಮೇಲೆ ಗರಿಯಂಥ ನೇರಳೆ ಗೀರು. ಒಳಗೇನಿದೆಯೋ ದೇವರೇ ಬಲ್ಲ.

ಶನಿವಾರ ಊರಿನ ಹೂವಿನ ಪ್ರದರ್ಶನದಲ್ಲಿ ಅದು ಗೆಲ್ಲಲೇಬೇಕಿತ್ತು. ಬಹುಮಾನದ ಬೆಳ್ಳಿ ಬಟ್ಟಲು ಏಳು ವರ್ಷದಿಂದ ಅವನ ಪಕ್ಕದ ಮನೆಯ ಹೆಸ್ಟರ್ ಪ್ರೌಸ್ ಎಂಬಾಕೆಯ ಕಪಾಟಿನಲ್ಲಿತ್ತು. ನಿಯಮ ಒಂದೇ, ಆದರೆ ಕ್ರೂರ: ತೀರ್ಪುಗಾರ ಎದುರಿಗೆ ನಿಂತ ಗಳಿಗೆಯಲ್ಲಿ ಹೂವು ಅರಳಿರಬೇಕು. ಚಳಿಯಲ್ಲಿ ಕ್ರೋಕಸ್ ಬಾಯಿ ಬಿಡುವುದಿಲ್ಲ.

ಹೆಸ್ಟರ್ ಬಳಿ ಹೂವಿನ ಜೊತೆಗೆ ಸೈನ್ಯವೂ ಇತ್ತು. ಕಾಳು ಹಾಕಿ ಕೊಬ್ಬಿಸಿದ, ಫೆಸೆಂಟ್ ಎಂಬ ಉದ್ದ ಬಾಲದ ಕಾಡುಕೋಳಿಯ ಒಂದು ಹುಂಜ, ಹೆಸರು ಮೇಜರ್. ಚಳಿಗಾಲ ಮುಗಿಯುತ್ತ ಬಂದರೆ ಅದಕ್ಕೆ ರಾಜ್ಯ ವಿಸ್ತರಿಸುವ ಹುಚ್ಚು. ಆ ವಾರ ಬೇಲಿ ಹಾರಿ ಆಂಬ್ರೋಸನ ಹಳದಿ ಕ್ರೋಕಸ್‌ಗಳ ಶಿರಚ್ಛೇದ ಮಾಡಿ, ಗೆಡ್ಡೆ ಬಗೆದು ತಿಂದು ಹೋಗಿತ್ತು.

"ನಿನ್ನ ಹುಂಜನ್ನ ಕೂಡಾಕ್ತೀಯೋ, ಇಲ್ಲಾ ನಾನು ಹಳೇ ಕಸುಬು ನೆನಪು ಮಾಡ್ಕೊಳ್ಳಲೋ?" ಎಂದ ಆಂಬ್ರೋಸ್.

"ಕತ್ತಿ ಎತ್ತೋಕೆ ಮುಂಚೆ ನೆಟ್ಟಗೆ ನಿಂತ್ಕೊಳೋದು ಕಲಿಯಪ್ಪಾ," ಎಂದಳು ಹೆಸ್ಟರ್. "ಯಾವಾಗ ನೋಡಿದ್ರೂ ಮಲಗೇ ಇರ್ತೀಯ!"

ಶನಿವಾರ ಬೆಳಿಗ್ಗೆ, ಅವನ ಇನ್ನೊಂದು ಪಕ್ಕದ ಮನೆಯವನಾದ ನಾನು ಈಚೆ ನಮ್ಮ ಹಿತ್ತಲು ಗುಡಿಸುತ್ತಿದ್ದೆ. ಆಂಬ್ರೋಸ್ ಎಂದಿನಂತೆ ಮೊಗ್ಗಿನ ಮುಂದೆ ಸತ್ತು ಬಿದ್ದಿದ್ದ. ಮೇಜರ್ ಬೇಲಿಯಿಂದ ನೇರ ಅವನ ಬೆನ್ನಿಗೆ ಎರಗಿತು. ಕಾಲಿನ ಮುಳ್ಳಿನಿಂದ ಕಿವಿ ಸೀಳಿತು. ಟೋಪಿ ಹಾರಿಸಿ ಬೋಳುತಲೆಯನ್ನು ಕುಕ್ಕಿ ಕುಕ್ಕಿ ರಕ್ತದಲ್ಲಿ ನಕಾಶೆ ಬರೆಯಿತು. ನಮ್ಮ ವೀರ ಕದಲಲಿಲ್ಲ! ಕುಂಡವನ್ನು ಮರಳಿನಿಂದ ಕಿತ್ತು ಕೋಟಿನೊಳಗೆ ಎದೆಗವಚಿಕೊಂಡು ಹಾಗೇ ಬಿದ್ದಿದ್ದ. ನಾನು ಪೊರಕೆ ಹಿಡಿದು ಧಾವಿಸಿದೆ. ಮೊದಲ ಏಟು ವೀರನ ಅಂಡಿಗೇ ಬಿತ್ತು. ಎರಡನೆಯದಕ್ಕೆ ಮೇಜರನ ಬಾಲ ಉದುರಿತು. ಅಷ್ಟರಲ್ಲಿ ಹೆಸ್ಟರ್ ಸೌಟು ಬೀಸುತ್ತ ಬಂದು, "ಮೂಕಪ್ರಾಣಿಗೆ ಹೊಡೀತೀಯಾ!" ಎಂದು ನನ್ನ ಮೊಣಕೈಗೆ ಬಾರಿಸಿದಳು. ಆ ಊತ ಇಳಿಯಲು ಹದಿನೈದು ದಿನ ಹಿಡಿಯಿತು.

ಅಂತೂ ಅವನನ್ನು ಎಬ್ಬಿಸಿ ನಿಲ್ಲಿಸಿ, ಪ್ರದರ್ಶನಕ್ಕೆ ನಡೆಸಿಕೊಂಡು ಹೋದೆ. ಸಭಾಭವನವನ್ನು ಬೆಚ್ಚಗಿಡುವ ಬಾಯ್ಲರ್ ಅವತ್ತೇ ಕೆಟ್ಟಿತ್ತು. ಸ್ಪರ್ಧಿಗಳೆಲ್ಲ ಕುಂಡಗಳ ಮೇಲೆ ಬಗ್ಗಿ ಹಾ ಹಾ ಎಂದು ಉಸಿರು ಬಿಡುತ್ತಿದ್ದರು. ಹೆಸ್ಟರಳ ಇಪ್ಪತ್ತು ಹೂಗಳು ಮಡಿಸಿದ ಕೊಡೆಗಳಂತೆ ನಿಂತಿದ್ದವು. ತೀರ್ಪುಗಾರ ಆಟ್ಲಿ ಮೇಜಿಗೆ ಬಂದಾಗ ಆಂಬ್ರೋಸ್ ರಕ್ತಸಿಕ್ತ ಕೋಟಿನ ಗುಂಡಿ ಬಿಚ್ಚಿದ. ಒಂದು ಗಂಟೆ ಕಟುಕನ ಎದೆಯ ಬಿಸಿಗೆ ಬೆಂದ ಮೂರು ಹೂಗಳೂ ಅಗಲವಾಗಿ ಅರಳಿದ್ದವು. ಒಳಗೆ ಅಪ್ಪಟ ನೇರಳೆ.

ಬಟ್ಟಲು ಕೈಗಿಡುತ್ತ ಆಟ್ಲಿಯವರು ಕೇಳಿದರು: "ಕಿವಿ ಹರಿದ್ರೂ ಅಲ್ಲಾಡ್ದೆ ಹೂವು ಕಾಪಾಡಿದ್ರಂತೆ ಬ್ಲೆಂಕಿನ್ನವರೇ. ಅಂಥ ಧೈರ್ಯ ಎಲ್ಲಿಂದ ಬಂತು?"

ಆಂಬ್ರೋಸ್ ಕಿವಿ ಒರೆಸಿಕೊಂಡ.

"ಧೈರ್ಯ ಎಲ್ಲಿ ಬಂತು ಸಾರ್. ಮಂಡಿ ಹಿಡ್ಕೊಂಡಿತ್ತು, ಏಳೋಕಾಗ್ಲಿಲ್ಲ."