ಇಳಿಜಾರಿನ ಕಾಕಾ

ಭೀಮರಾವ್ ಕಾಕಾ ಮುಂಬೈಯನ್ನು ರಸ್ತೆಗಳ ಹೆಸರಿನಿಂದ ಗುರುತಿಸುತ್ತಿರಲಿಲ್ಲ, ಇಳಿಜಾರುಗಳಿಂದ ಗುರುತಿಸುತ್ತಿದ್ದರು. ಯಾರಾದರೂ ಹೊಸ ಮನೆ ಹಿಡಿದೆವೆಂದು ಪೇಢೆ ಕೊಡಲು ಬಂದರೆ, ನಳಕ್ಕೆ ನೀರು ಬರುತ್ತದೆಯೇ, ನೆರೆಯವರು ಹೇಗೆ ಎಂದೆಲ್ಲ ಕೇಳುವವರಲ್ಲ. ಪೇಢೆ ಬಾಯಿಗೆ ಹಾಕಿಕೊಂಡು, "ಮುಂದಿನ ರಸ್ತಾ ಇಳಿಜಾರದನೋ ಸಪಾಟೋ?" ಎನ್ನುವರು. ಸಪಾಟೆಂದರೆ ಮುಗಿಯಿತು, ಆ ಮನೆಗೆ ಕಾಕಾ ಬರುವುದಿಲ್ಲ ಎಂದೇ ಅರ್ಥ.

ಇದಕ್ಕೆಲ್ಲ ಕಾರಣ ಅವರ ಕಾರು. ಕಾಕಾ ಧಾರವಾಡದ ಕಡೆಯವರು, ಬಟ್ಟೆ ಗಿರಣಿಯೊಂದರ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಸ್ವಾತಂತ್ರ್ಯ ಬಂದಾಗ ಅವರ ಇಂಗ್ಲಿಷ್ ಸಾಹೇಬ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತ, ಯುದ್ಧಕ್ಕೂ ಮುಂಚಿನ ತನ್ನ ಕಾರನ್ನು ಇವರ ಕೊರಳಿಗೆ ಕಟ್ಟಿ ಹೋಗಿದ್ದ. ಕ್ಯಾನ್ವಾಸಿನ ಮಾಡು, ಎರಡೂ ಕಡೆ ಫುಟ್‌ಬೋರ್ಡ್, ಹಿಚುಕಿದರೆ ಪೋಂ ಎನ್ನುವ ರಬ್ಬರಿನ ಹಾರ್ನ್. ಅದರ ಸೆಲ್ಫ್ ಸ್ಟಾರ್ಟರ್ ಸತ್ತು ಯಾವ ಕಾಲವಾಗಿತ್ತೋ. ಹ್ಯಾಂಡಲ್ ತಿರುವಿ ಸ್ಟಾರ್ಟ್ ಮಾಡಬಹುದಿತ್ತು. ಆದರೆ ಅದು ಒಮ್ಮೆ ಉಲ್ಟಾ ಹೊಡೆದು ಕಾಕಾನ ಮಣಿಕಟ್ಟು ಮುರಿದ ಮೇಲೆ ಅವರ ಹೆಂಡತಿ, ನಮ್ಮ ಕಾಕೂ, ಆ ಹ್ಯಾಂಡಲನ್ನು ಕಸಿದುಕೊಂಡು ಎಲ್ಲಿ ಬಚ್ಚಿಟ್ಟರೋ ಯಾರಿಗೂ ಹೇಳಲಿಲ್ಲ. ಉಳಿದದ್ದು ಒಂದೇ ದಾರಿ. ಕಾರನ್ನು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು, ಹೊರಡುವಾಗ ಬ್ರೇಕ್ ಬಿಟ್ಟು ಉರುಳಿಸಿ ಗೇರಿಗೆ ಹಾಕಬೇಕು. ಗ್ರಾಂಟ್ ರೋಡಿನಲ್ಲಿ ನಮ್ಮ ಬಿಲ್ಡಿಂಗಿನ ಸಮೀಪವೇ ಸ್ಟೇಷನ್ನಿನ ಸೇತುವೆ ಇಳಿಯುತ್ತಿತ್ತು. ಆ ಸೇತುವೆಯ ಆಸೆಗೇ ಕಾಕಾ ಅಲ್ಲಿ ಮನೆ ಮಾಡಿದ್ದು. ಕಾಕೂಗೆ ದಾದರಿನಲ್ಲಿ ಗಾಳಿ ಬೆಳಕು ಎರಡೂ ಇದ್ದ ಮನೆಯೊಂದು ಬಹಳ ಹಿಡಿಸಿತ್ತಂತೆ, ಪಾಪ.

ನಾನು ಮದುವೆಯಾಗಿ ಹುಬ್ಬಳ್ಳಿಯಿಂದ ಬಂದು ಅವರ ಎದುರು ಮನೆಯಲ್ಲಿ ಸಂಸಾರ ಹೂಡಿದ ಮೊದಲ ರವಿವಾರವೇ, ಹೊಸ ಸೊಸೆಗೆ ಊರು ತೋರಿಸುತ್ತೇನೆಂದು ಕಾಕಾ ನಮ್ಮಿಬ್ಬರನ್ನು ಕೂರಿಸಿಕೊಂಡು ಹೊರಟರು. ನಾನು ಮದುವೆಯ ರೇಷ್ಮೆ ಸೀರೆ ಉಟ್ಟಿದ್ದೆ. ಮಲಬಾರ್ ಹಿಲ್ಲಿನ ಮೇಲೆ ಗಾರ್ಡನ್ ನೋಡಿದ್ದಾಯಿತು, ಸಮುದ್ರ ನೋಡಿದ್ದಾಯಿತು. ವಾಪಸ್ ಹೊರಟಾಗ ಕಾರು ಇಳಿಜಾರೆಲ್ಲ ಉರುಳಿ, ಕೆಳಗೆ ಬಂದು, ಸ್ಟಾರ್ಟ್ ಆಗದೆ ಸುಮ್ಮನೆ ನಿಂತಿತು. ಕಾಕಾ ಹಿಂದಿರುಗಿ ನೋಡಿ ಬಹಳ ಪ್ರೀತಿಯಿಂದ, "ಸುನಂದಾ, ನೀನೂ ಸ್ವಲ್ಪ ಕೈ ಹಚ್ಚವಾ" ಎಂದರು. ಹಚ್ಚಿದೆ. ನಡುರಸ್ತೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಸಿರು ಬಳೆಗಳ ಕೈಯಿಂದ ತಳ್ಳಿದೆ. ಎದುರಿಗೆ ಬಂದ ಪಾರ್ಸಿ ಮುದುಕರೊಬ್ಬರು ನನಗೆ ಟೋಪಿ ತೆಗೆದು ನಮಸ್ಕಾರ ಮಾಡಿದರು. ಆಮೇಲೆ ಎರಡು ವರ್ಷ ಪ್ರತಿ ರವಿವಾರ ಅದೇ ಮಲಬಾರ್ ಹಿಲ್. ಜುಹು ನೋಡಬೇಕೆಂದರೆ, "ಜುಹು ಸಪಾಟವಾ" ಎನ್ನುವರು.

ಇಷ್ಟಾದರೂ ಹೊಸ ಕಾರುಗಳ ಬಗ್ಗೆ ಕಾಕಾನ ತಾತ್ಸಾರ ಕೇಳಬೇಕಿತ್ತು. ಸಂಜೆ ಗ್ಯಾಲರಿಯಲ್ಲಿ ನಿಂತು, ಕೆಳಗೆ ಹೋಗುವ ಒಂದೊಂದು ಕಾರಿನ ಜಾತಕವನ್ನೂ ಬಿಡಿಸುತ್ತಿದ್ದರು. ಅವುಗಳ ಮೈಯೆಲ್ಲ ತಗಡಂತೆ, ಬಡಿದರೆ ಎಣ್ಣೆ ಡಬ್ಬಿಯ ಸಪ್ಪಳವಂತೆ. ದೀಪಗಳನ್ನು ಕೆನ್ನೆಯೊಳಗೆ ಹುಗಿದಿದ್ದಾರಂತೆ. ಗೇರನ್ನು ನೆಲದಿಂದ ಕಿತ್ತು ಸ್ಟಿಯರಿಂಗಿನ ಕೊರಳಿಗೆ ಜೋತುಬಿಟ್ಟಿದ್ದಾರಂತೆ. ಎಲ್ಲಕ್ಕಿಂತ ಅಪರಾಧವೆಂದರೆ ಮಾಡನ್ನು ತಗ್ಗು ಮಾಡಿದ್ದು. ಕಾಕಾ ಕೊನೆಯವರೆಗೂ ತಲೆಗೆ ರುಮಾಲು ಸುತ್ತಿದವರು. "ರುಮಾಲ ತಗದು ತೊಡೀಮ್ಯಾಲೆ ಇಟಗೊಂಡು ಕೂಡೂ ಕಾರು, ಅದು ಮರ್ಯಾದಸ್ತರ ಕಾರಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು.

ದೇಶದಲ್ಲೇ ಕಾರು ತಯಾರಾಗುತ್ತಿದೆ ಎಂದು ಪೇಪರಿನಲ್ಲಿ ಬಂದ ದಿನವಂತೂ ನನ್ನ ಯಜಮಾನರ ಚಹಾ ಆರಿಹೋಯಿತು. ಕಾಕಾ ಎದುರಿಗೆ ಕೂತು ಬಿಡಲೇ ಇಲ್ಲ. "ತಯಾರು ಎಲ್ಲಿ ಮಾಡ್ತಾರೋ? ಹಡಗಿನ್ಯಾಗ ಪೆಟಿಗಿ ಬರ್ತಾವ, ಇಲ್ಲೆ ನಟ್ಟು ಬಿಗೀತಾರ. ಮಂದಿ ಮನಿಯಿಂದ ಬುಂದೆ ತಂದು ಉಂಡಿ ಕಟ್ಟಿ, ನಾನs ಮಾಡೇನಿ ಅಂದಂಗ." ಹಾಗಾದರೆ ಹೊಸ ಸೆಲ್ಫ್ ಆದರೂ ಹಾಕಿಸಿಕೊಳ್ಳಿ ಎಂದು ನಾನು ಒಳಗಿನಿಂದ ಹೇಳಿದೆ. ಈಗಿನ ಪಾರ್ಟು ಹೊಕ್ಕರೆ ಅದು ತಮ್ಮ ಕಾರಾಗಿ ಉಳಿಯುವುದಿಲ್ಲ ಎಂದರು. ನನ್ನ ಭುಜದ ಗತಿ ಏನೆಂದು ಯಾರೂ ಕೇಳಲಿಲ್ಲ.

ದೇವರಿಗೂ ಚೇಷ್ಟೆ ಬೇಕಲ್ಲ. ಕಾಕಾನ ಒಬ್ಬಳೇ ಮಗಳು ಸುಶೀಲೆಗೆ ಕೂಡಿಬಂದ ವರ ಮಾಧವ, ಹೊಸ ಕಾರು ಮಾಡುವ ಕಾರ್ಖಾನೆಯಲ್ಲೇ ಎಂಜಿನಿಯರ್. ಮೂಲ ವಿಜಾಪುರ, ಮನೆ ಮಲಾಡಿನಲ್ಲಿ. ಹೆಣ್ಣು ನೋಡಲು ಬಂದ ದಿನ ಕಾರಿನ ಮಾತೆತ್ತುವುದಿಲ್ಲವೆಂದು ಕಾಕೂ ಗಂಡನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದರು. ಕಾಕಾ ಆಣೆ ಉಳಿಸಿಕೊಂಡರು. ಹುಡುಗ ಒಳ್ಳೆಯವನು, ನಗುಮುಖದವನು. ಸುಶೀಲೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ಹಿಂಡಿದಳು, ಬೇರೆ ಕೇಳುವುದೇನೂ ಉಳಿಯಲಿಲ್ಲ.

ಇನ್ನು ಉಳಿದದ್ದು ಮನೆ ನೋಡುವ ಶಾಸ್ತ್ರ. ಹೆಣ್ಣಿನವರು ಗಂಡಿನ ಮನೆಗೆ ಹೋಗಿ, ಒಳಗೆಲ್ಲ ಓಡಾಡಿ, ಬಾಯಿ ಸಿಹಿ ಮಾಡಿಕೊಂಡು ಬಂದರೆ ಮಾತು ಗಟ್ಟಿಯಾದಂತೆ. ಲೋಕಲ್ ಟ್ರೇನಿನಲ್ಲಿ ಹೋಗೋಣವೆಂದು ಎಲ್ಲರೂ ಬೇಡಿಕೊಂಡೆವು. ಕಾಕಾ ಕೇಳಲಿಲ್ಲ. ಬೀಗರ ಮನೆಗೆ ಜೋತುಬಿದ್ದುಕೊಂಡು ಹೋಗುವುದೇ ಎಂದು ಕಾಕೂ, ನಾನು, ನಮ್ಮವರು ಮೂವರನ್ನೂ ಕಾರಿಗೆ ತುಂಬಿದರು. ಮಲಾಡ್ ಮುಟ್ಟಿದೆವು. ಕಾಕಾ ಗೇಟಿನ ಮುಂದೆ ನಿಲ್ಲಿಸಿ, ಈ ಕಡೆ ನೋಡಿದರು, ಆ ಕಡೆ ನೋಡಿದರು. ಎಲ್ಲಿ ನೋಡಿದರೂ ಹಂಚಿನ ಮೇಲೆ ಹುಯ್ದ ದೋಸೆಯ ಹಾಗೆ ಸಪಾಟು.

ಮಾಧವನ ತಂದೆ ಶಲ್ಯ ಹೊದ್ದು ಗೇಟಿಗೇ ಬಂದು, "ಇಳೀರಿ ರಾಯರ, ಒಳಗ ಬರ್ರಿ" ಎಂದು ಕೈಮುಗಿದರು.

ಕಾಕಾ ಎಂಜಿನ್ನಿನ ಸದ್ದಿನ ಮೇಲೆ ದನಿ ಎತ್ತಿ, "ಇಳದ್ರ ಇದು ಬಂದ್ ಬೀಳ್ತದ್ರಿ, ಬಂದ್ ಬಿದ್ರ ಮತ್ತ ಏಳೂದಿಲ್ಲ. ನೀವs ಇಲ್ಲೆ ಬರ್ರಿ, ಮಾತಾಡೋಣು" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಂದ್ ಬೀಳಲಿ, ನಾವೇ ತಳ್ಳುತ್ತೇವೆ ಎಂದು ಅವರ ಕಿವಿಯಲ್ಲಿ ಹೇಳಿದೆ. ನೀವು ತಳ್ಳುವಾಗ ಬೀಗರು ಕೈಕಟ್ಟಿ ನಿಲ್ಲುತ್ತಾರೆಯೇ, ಅವರೂ ತಳ್ಳುತ್ತಾರೆ, ಬೀಗರ ಕೈಯಿಂದ ಕಾರು ತಳ್ಳಿಸಿಕೊಂಡು ತಾನು ಯಾವ ಮುಖ ಹೊತ್ತು ಹೆಣ್ಣು ಕೊಡಲಿ ಎಂದು ನನ್ನನ್ನೇ ಗದರಿದರು. ನಾವು ಮೂವರು ಒಳಗೆ ಹೋಗಿ ದೇವರಮನೆ, ಬಾವಿ ಎಲ್ಲ ನೋಡಿ ಬಂದೆವು. ಕಾಕಾ ಕಾಲು ಆಕ್ಸಿಲರೇಟರಿನ ಮೇಲೆ ಒತ್ತಿಕೊಂಡೇ ಕೂತಿದ್ದರು. ಉಪ್ಪಿಟ್ಟು, ಶಿರಾ ಗೇಟಿಗೇ ಬಂದವು. ಹೊಗೆ ಹೋಗಿ ಬೀಗಿತ್ತಿಯ ತುಳಸಿಕಟ್ಟೆಯನ್ನು ಸುತ್ತಿಕೊಂಡಿತು. ಶಿರಾ ಛಲೋ ಆಗಿದೆ ಎಂದು ಕಾಕಾ ಕೂಗಿ ಹೇಳಿದರು. ಯಾರೂ ನಗಲಿಲ್ಲ. ಹೊರಡುವಾಗ ಮಾಧವನ ತಂದೆ ನಮ್ಮವರನ್ನು ಪಕ್ಕಕ್ಕೆ ಕರೆದು, "ನಮ್ಮ ಹೊಸ್ತಿಲಾ ತುಳೀಲಿಕ್ಕೆ ಮನಸಿಲ್ಲಂದ್ರ ಅಲ್ಲಿಂದನs ಹೇಳಿ ಕಳಸಬಹುದಿತ್ತು" ಎಂದರು.

ಮನೆಗೆ ಬಂದ ಮೇಲೆ ಕಾಕಾ, ಹುಡುಗ ಬಂಗಾರ, ಆದರೆ ಮಲಾಡಿಗೆ ಕೊಡುವುದಿಲ್ಲ ಎಂದುಬಿಟ್ಟರು. ಕಾಕೂ ಮಾತು ಬಿಟ್ಟರು. ಸುಶೀಲೆ ಊಟ ಬಿಟ್ಟಳು. ನನ್ನ ಹತ್ತಿರ ಕೂತು, "ವೈನಿ, ಅಪ್ಪಗ ನಾ ಹೆಚ್ಚೋ, ಕಾರು ಹೆಚ್ಚೋ?" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗ್ಯಾಲರಿಗೆ ಹೋಗಿ ಅದೇ ಮಾತನ್ನು ಕಾಕಾನ ಮುಂದಿಟ್ಟು, ಮಗಳನ್ನು ನೋಡಲು ಲೋಕಲಿನಲ್ಲಿ ಹೋದರೆ ರುಮಾಲು ಬೀಳುತ್ತದೆಯೇ ಎಂದು ಕೇಳಿಯೇಬಿಟ್ಟೆ.

ಕಾಕಾ ಕೆಳಗೆ ನಿಂತಿದ್ದ ತಮ್ಮ ಕಾರಿನ ಕಡೆ ಕೈ ತೋರಿಸಿದರು. "ಲೋಕಲಿನ್ಯಾಗ ಹೋಗಿ ಕದಾ ಬಡದ್ರ, ಯಾರೋ ಬಂದ್ರು ಅಂತಾಳ. ಪೋಂ ಅಂದ್ರ ಅಪ್ಪ ಬಂದ ಅಂತ ಓಡಿ ಬರ್ತಾಳ. ಪರಕಾರ ಉಡೂ ಸಣ್ಣ ಹುಡುಗಿ ಇದ್ದಾಗಿಂದ ಹಂಗs ಓಡಿ ಬಂದಾಳ. ಹೋದಾಗೊಮ್ಮೆ ಗೇಟಿನ್ಯಾಗ ಕೂತು ಮಗಳ ಮಾರಿ ನೋಡಿ ಬರ್ಲ್ಯಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮರುದಿನ ನಮ್ಮವರು ಮಾಧವನನ್ನು ಕಂಡು ಈ ಮಾತನ್ನು ಇದ್ದಹಾಗೆ ಹೇಳಿ ಬಂದರು. ಅವನು ಮೊದಲು ಕಾರಿಗೆ ಹೊಸ ಸೆಲ್ಫ್ ಹಾಕಿಕೊಡುತ್ತೇನೆ ಎಂದನಂತೆ. ಆ ಮಾತು ಎತ್ತಿದರೆ ಇದ್ದ ಸಂಬಂಧವೂ ಹೋಗುತ್ತದೆ ಎಂದು ನಮ್ಮವರು ಎಚ್ಚರಿಸಿದರು. ಹುಡುಗ ಜಾಣ. ಕಾರು ಬದಲಾಗುವುದಿಲ್ಲವೆಂದು ತಿಳಿದು ಮಲಾಡನ್ನೇ ಬದಲಾಯಿಸಿದ. ಲಾರಿಗಟ್ಟಲೆ ಮಣ್ಣು, ಇಟ್ಟಿಗೆ ಚೂರು ತರಿಸಿ, ಕಂಪೌಂಡಿನೊಳಗೆ ಗೋಡೆಯಿಂದ ಗೇಟಿನವರೆಗೂ ಉದ್ದನೆಯ ದಿಬ್ಬ ಹಾಕಿಸಿ, ದಮ್ಮಸು ಮಾಡಿಸಿ ಗಟ್ಟಿಗೊಳಿಸಿ, ತಂದೆಯನ್ನು ಒಪ್ಪಿಸಿ, ತಾನೇ ಬಂದು ಕರೆದ.

ಮುಂದಿನ ರವಿವಾರ ಮತ್ತೆ ಹೋದೆವು. ಕಾಕಾ ಕಾರನ್ನು ರಿವರ್ಸಿನಲ್ಲಿ ದಿಬ್ಬ ಹತ್ತಿಸಿ, ಕಿಟಕಿಯಿಂದ ಕೆಳಗೆ ಬಗ್ಗಿ ಇಳಿಜಾರನ್ನು ಅಳೆದು, ಎಂಜಿನ್ ಬಂದ್ ಮಾಡಿದರು. ರುಮಾಲು ಸರಿಮಾಡಿಕೊಂಡು ಇಳಿದು, ಬಲಗಾಲಿಟ್ಟು ಹೊಸ್ತಿಲು ದಾಟಿದರು. ಬೀಗರಿಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು ಉಂಡರು. ಹಿಂತಿರುಗುವಾಗ ಕಾರು ಗೇಟು ತಲುಪುವುದರೊಳಗೆ ಸ್ಟಾರ್ಟ್ ಆಯಿತು. ಹುಡುಗ ತಗಡಿನ ಕಾರ್ಖಾನೆಯಲ್ಲಿದ್ದರೂ ಅಳತೆ ಬಲ್ಲವನು ಎಂದು ದಾರಿಯುದ್ದಕ್ಕೂ ಹೊಗಳಿದರು. ಮದುವೆಯಾದ ಮೇಲೆ ಪ್ರತಿ ರವಿವಾರ ಮಲಾಡಿನಲ್ಲಿ ಪೋಂ ಕೇಳಿಸುತ್ತಿತ್ತು. ಅಳಿಯ ಮಾವ ಇಬ್ಬರೂ ಹೊಸ ಕಾರು ಹಳೆ ಕಾರು ಎಂದು ಸಂಜೆಯವರೆಗೆ ಜಗಳಾಡುತ್ತಿದ್ದರು.

ನಾಲ್ಕಾರು ವರ್ಷ ಹೀಗೆ ನಡೆಯಿತು. ಒಂದು ಮಳೆಗಾಲದ ಕೊನೆಯಲ್ಲಿ ಕಾಕಾ ನಿದ್ದೆಯಲ್ಲೇ ಹೋಗಿಬಿಟ್ಟರು. ಕಾರನ್ನು ಗುಜರಿಯವನೊಬ್ಬ ಬಂದು ಒಯ್ದ. ಸೇತುವೆಯ ಇಳಿಜಾರಿನಲ್ಲಿ ಅವನು ಬ್ರೇಕ್ ಬಿಟ್ಟನೋ ಇಲ್ಲವೋ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡು ವರ್ಷ ನನ್ನಿಂದ ತಳ್ಳಿಸಿಕೊಂಡ ಕಾರು, ಅವತ್ತೊಂದು ದಿನ ಹಟ ಮಾಡಬಾರದಿತ್ತೇ ಎಂದು ಗ್ಯಾಲರಿಯಲ್ಲಿ ನಿಂತು ಅತ್ತೆ.

ಮುಂದಿನ ವರ್ಷ ಮಲಾಡಿಗೆ ಹೋದೆ. ಮಾಧವ ಹೊಸ ಕಾರು ಕೊಂಡಿದ್ದ. ಅದು ಗೇಟಿನ ಹೊರಗೆ, ಬೀದಿಯಲ್ಲಿ, ಕಾಗೆಗಳು ಹೊಲಸು ಮಾಡಿದ ಮರದ ಕೆಳಗೆ ನಿಂತಿತ್ತು. ಒಳಗೆ ದಿಬ್ಬ ಖಾಲಿ ಇತ್ತು. ಇಷ್ಟು ಜಾಗ ಇಟ್ಟುಕೊಂಡು ಕಾರನ್ನು ಹೊರಗೇಕೆ ನಿಲ್ಲಿಸಿದ್ದೀಯೋ ಎಂದೆ.

"ಅದು ಮಾವಾರ ಜಾಗಾ, ವೈನಿ" ಎಂದ.

ನಾನು ದಿಬ್ಬದ ಮೇಲೆ ಕಾಲಿಡದೆ, ಪಕ್ಕದಿಂದ ಸುತ್ತಿಕೊಂಡು ಒಳಗೆ ಹೋದೆ.