ಪೊರ್ಬುಗಳು ಕಟ್ಟಿದ ಡಬ್ಬಿ

ಒಂಬತ್ತು ವೋಲ್ಟಿನ ಬ್ಯಾಟರಿಯ ಎರಡೂ ಗುಂಡಿಗಳನ್ನು ನಾಲಿಗೆಯ ತುದಿಗೆ ತಾಗಿಸಿ, ಕಣ್ಣು ಕಿರಿದು ಮಾಡಿ, "ಇದರಲ್ಲಿ ಇನ್ನು ಹದಿನೈದು ದಿನದ ಜೀವ ಉಂಟು" ಎನ್ನುತ್ತಿದ್ದರು ಅವರು. ಮೀಟರು ಪಕ್ಕದಲ್ಲೇ ಇರುತ್ತಿತ್ತು. ಆದರೂ ಮೊದಲು ನಾಲಿಗೆಯೇ. ಬೆಸುಗೆಯ ಬಿಸಿ ತಗಲಿ ತಗಲಿ ಅವರ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು.

ಕಟಪಾಡಿ ಪೇಟೆಯಲ್ಲಿ, ಬಸ್ಸು ನಿಲ್ಲುವ ಕಡೆಯಿಂದ ಮೂರನೆಯ ಕೋಣೆ ಅವರ ರೇಡಿಯೋ ರಿಪೇರಿ ಅಂಗಡಿ. ಕೊಂಕಣಿ ಮಾತಾಡುವ ಕ್ರೈಸ್ತರು. ಅವರ ಪೈಕಿಯ ಹಿರಿಯರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಹಾಗಾಗಿ ಊರಿಗೆಲ್ಲ ಅವರು ರೇಡಿಯೋ ಪೊರ್ಬುಗಳು. ನಾನು ಆಗ ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಅಧ್ಯಾಪಕ. ಎಲ್ಲರೊಡನೆ ತುಳುವಿನಲ್ಲಿ ಮಾತಾಡುವವರು ನನ್ನೊಡನೆ ಮಾತ್ರ ಕನ್ನಡದಲ್ಲಿ, ಪದಗಳನ್ನು ಒಂದೊಂದಾಗಿ ಆರಿಸಿ ಮಾತಾಡುತ್ತಿದ್ದರು. ಮಾಷ್ಟ್ರ ಎದುರು ತಪ್ಪಾಗಬಾರದಂತೆ.

ನನ್ನ ಹತ್ತಿರ ಒಂದು ಹಳೆಯ ಜಪಾನಿ ಮೋಟಾರ್ ಸೈಕಲ್ ಇತ್ತು. ನನ್ನ ಹೆಂಡತಿಯ ಅಣ್ಣ, ಕಾರ್ಕಳದ ಭಾವ, ಎಪ್ಪತ್ತರ ದಶಕದಲ್ಲಿ ಕುವೈತಿನಿಂದ ಹಡಗಿನಲ್ಲಿ ತಂದದ್ದು. ಅಲ್ಲಿ ಕೆಲಸದಲ್ಲಿದ್ದ ಅವರು ಕೆಲವು ವರ್ಷ ರಜೆಗೆ ಬಂದಾಗ ಓಡಿಸಿ, ಆಮೇಲೆ ನನಗೆ ಕೊಟ್ಟಿದ್ದರು. ಎಂಬತ್ತನಾಲ್ಕೋ ಎಂಬತ್ತೈದೋ ಇರಬೇಕು, ಒಂದು ದಿನ ಅದು ನಿಂತೇಹೋಯಿತು. ಸೀಟಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದುಂಟು, ಪ್ಲಗ್ಗಿಗೆ ಕಿಡಿ ಕಳಿಸುವುದು ಅದೇ, ಅದು ಸತ್ತಿದೆ ಎಂದರು ಉಡುಪಿಯ ಮೆಕ್ಯಾನಿಕ್ಕುಗಳು. ಹೊಸತು ಬೊಂಬಾಯಿಯಲ್ಲಿ ಮಾತ್ರ. ಅಲ್ಲಿ ಹೇಳಿದ ಕ್ರಯ ನನ್ನ ಸಂಬಳಕ್ಕೆ ಎಟುಕುವಂತಿರಲಿಲ್ಲ.

ಆ ಸತ್ತ ಡಬ್ಬಿಯನ್ನು ಪೊರ್ಬುಗಳಿಗೆ ಸುಮ್ಮನೆ ತೋರಿಸಿದೆ. ಒಳಗೆಲ್ಲ ಅರಗು ತುಂಬಿತ್ತು. ಅವರು ಒಂದು ವಾರ ಕೂತು, ಚಿಕ್ಕ ಉಳಿಯಿಂದ ಚೂರು ಚೂರೇ ಕೆತ್ತಿ, ಒಳಗಿನ ಪ್ರತಿಯೊಂದು ಭಾಗವನ್ನೂ ಬಿಡಿಸಿ ಕಾಗದದಲ್ಲಿ ನಕ್ಷೆ ಬರೆದರು. ಆಮೇಲೆ ಹಳೆಯ ರೇಡಿಯೋಗಳ ಸಾಮಾನನ್ನೂ ಮಂಗಳೂರಿನಿಂದ ತರಿಸಿದ ಎರಡು ಬಿಡಿಭಾಗಗಳನ್ನೂ ಸೇರಿಸಿ, ಒಂದು ಪ್ಲಾಸ್ಟಿಕ್ಕಿನ ಸೋಪುಡಬ್ಬಿಯೊಳಗೆ ಹೊಸದೊಂದನ್ನು ಕಟ್ಟಿದರು. ಅರಗು ತುಂಬಲು ಒಪ್ಪಲಿಲ್ಲ. "ಬಿಚ್ಚಲಿಕ್ಕೆ ಬರಬೇಕು ಮಾಷ್ಟ್ರೇ. ನಾನು ಸತ್ತ ಮೇಲೆ ಇನ್ನೊಬ್ಬರು ನೋಡಬೇಕಲ್ವಾ" ಎಂದರು.

ಗಾಡಿ ಮೊದಲ ಕಿಕ್ಕಿಗೆ ಹೊರಟಿತು. ಪೊರ್ಬುಗಳು ರಸ್ತೆಯಂಚಿನಲ್ಲಿ ನಿಂತು ಆ ಸದ್ದನ್ನು ತಲೆ ಓರೆಮಾಡಿ ಕೇಳಿದ ರೀತಿ ನನಗೆ ಇನ್ನೂ ನೆನಪಿದೆ. ಸುದ್ದಿ ಹರಡಿತು. ಅಂಥದ್ದೇ ಗಾಡಿಗಳನ್ನು ಗಲ್ಫಿನಿಂದ ತಂದವರು ಆಚೀಚೆ ಹಲವರಿದ್ದರು. ಹಿರಿಯಡ್ಕದಿಂದ ಒಬ್ಬರು ಬಂದು ಕೇಳಿ ಹೋದರು. ಮಣಿಪಾಲದ ಪ್ರೊಫೆಸರೊಬ್ಬರು ತನಗೂ ಒಂದು ಬೇಕು ಎಂದು ಹೇಳಿ ಕಳಿಸಿದರು. ಮನೆಮನೆಗೆ ಟಿ.ವಿ. ಬರತೊಡಗಿದ್ದ ಕಾಲ. ರೇಡಿಯೋ ಹಿಡಿದುಕೊಂಡು ಬರುವವರು ಕಡಿಮೆಯಾಗಿದ್ದರು. ಇನ್ನು ಈ ಡಬ್ಬಿಗಳೇ ನನ್ನ ಕೆಲಸ ಎಂದು ಅವರು ಸಣ್ಣ ಧ್ವನಿಯಲ್ಲಿ ನನಗೊಮ್ಮೆ ಹೇಳಿದ್ದರು.

ಇನ್ನು ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಬರೆಯದಿದ್ದರೆ ಇಷ್ಟು ಬರೆದದ್ದಕ್ಕೂ ಅರ್ಥವಿಲ್ಲ.

ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುತ್ತಿದ್ದೆ. ಒಂದು ಶುಕ್ರವಾರ ಡಬ್ಬಿಯನ್ನು ಗಾಡಿಯಿಂದ ಬಿಚ್ಚಿ ಕ್ಲಾಸಿಗೆ ಒಯ್ದೆ. ಮುಚ್ಚಳ ತೆಗೆದು ಒಂದೊಂದೇ ಭಾಗವನ್ನು ತೋರಿಸಿ ವಿವರಿಸಿದೆ. ಇದನ್ನು ಮಾಡಿದ್ದು ಯಾರು ಸಾರ್ ಎಂದು ಹುಡುಗಿಯೊಬ್ಬಳು ಕೇಳಿದಳು. ನಾನೇ ಎಂದೆ. ಯಾಕೆ ಹಾಗೆಂದೆ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಹೆಡ್ಮಾಷ್ಟ್ರ ಕಿವಿಗೂ ಬಿದ್ದು, ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಸಂಜೆ ಗಡಿಬಿಡಿಯಲ್ಲಿ ಡಬ್ಬಿಯನ್ನು ಮತ್ತೆ ಜೋಡಿಸಿ ಮನೆಗೆ ಬಂದೆ.

ಮರುದಿನ ಭಾವ ರಜೆ ಮುಗಿಸಿ, ಉಡುಪಿಯಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ವಿಮಾನದಲ್ಲಿ ಕುವೈತಿಗೆ ಹಿಂತಿರುಗುವವರು. ಸಾಮಾನೆಲ್ಲ ಮೊದಲೇ ಉಡುಪಿಗೆ ಹೋಗಿತ್ತು. ಹೊರಡುವ ಮೊದಲು ಒಮ್ಮೆ ತನ್ನ ಹಳೆಯ ಗಾಡಿಯಲ್ಲಿ ಕೂರಬೇಕೆಂದು ಅವರಿಗೆ ಆಸೆ. ಕಾರ್ಕಳದಿಂದ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹಿರಿಯಡ್ಕಕ್ಕೆ ಎರಡು ಮೈಲಿ ಇರುವಾಗ ರಸ್ತೆಯ ಹೊಂಡವೊಂದರಲ್ಲಿ ಗಾಡಿ ಜಗ್ಗಿತು, ಕೆಮ್ಮಿತು, ನಿಂತಿತು. ಇಬ್ಬರೂ ಬಿಸಿಲಿನಲ್ಲಿ ಕಿಕ್ ಹೊಡೆದದ್ದೇ ಹೊಡೆದದ್ದು. ಎಂತ ಆಯಿತು ಎಂದು ಭಾವ ಕೇಳಿದಾಗ, ಪೊರ್ಬುಗಳು ಕಟ್ಟಿದ ಡಬ್ಬಿ ಕೈಕೊಟ್ಟಿತು ಎಂದೆ. ಸೀಟು ಎತ್ತಿ ಸರಿಯಾಗಿ ನೋಡಲೂ ಇಲ್ಲ. ಬಸ್ಸು ಹಿಡಿದು ಉಡುಪಿ ಮುಟ್ಟುವಷ್ಟರಲ್ಲಿ ಬೊಂಬಾಯಿ ಬಸ್ಸು ಹೋಗಿತ್ತು. ಆ ಬಸ್ಸು ತಪ್ಪಿದರೆ ವಿಮಾನವೂ ತಪ್ಪಿದಂತೆ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಸಂಜೆ ನೇರ ಕಟಪಾಡಿಗೆ ಬಂದೆವು. ಭಾವ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಕೇಳುವಂತೆ ಬಯ್ದರು. ರೇಡಿಯೋ ಬಿಚ್ಚುವವನಿಗೆ ಇಂಜಿನ್ನಿನ ಕೆಲಸ ಯಾಕೆ, ನನ್ನ ಕೆಲಸ ಹೋದರೆ ಕೊಡುವವರು ಯಾರು ಎಂದರು. ಪೊರ್ಬುಗಳು ಹೊರಗೆ ಬಂದು ಸೀಟು ಎತ್ತಿದರು. ನಾನು ಅವರ ಭುಜದ ಹಿಂದೆಯೇ ನಿಂತಿದ್ದೆ. ಅವರ ಬೆರಳು ಒಂದೊಂದೇ ತಂತಿಯನ್ನು ಮುಟ್ಟುತ್ತ ಹೋಗಿ ಡಬ್ಬಿಯ ಅರ್ಥಿಂಗ್ ತಂತಿಯಲ್ಲಿ ನಿಂತಿತು. ಅದನ್ನು ಗಾಡಿಯ ಚೌಕಟ್ಟಿಗೆ ಹಿಡಿದಿದ್ದ ಸ್ಕ್ರೂ ಎರಡೇ ಸುತ್ತಿನಲ್ಲಿ ನೇತಾಡುತ್ತಿತ್ತು. ಅದು ಸಡಿಲವಾಗದಂತೆ ಕೆಳಗಿರಬೇಕಾಗಿದ್ದ ಹಲ್ಲುಗಳ ವಾಷರ್ ಇರಲಿಲ್ಲ.

ಅವರು ತಿರುಗಿ ನನ್ನನ್ನು ನೋಡಿದರು. ಅರ್ಧ ಕ್ಷಣ ಅಷ್ಟೆ. ಮತ್ತೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದನ್ನು ಬಿಗಿ ಮಾಡಿದರು. ಕಿಕ್ ಮಾತ್ರ ಹೊಡೆಯಲಿಲ್ಲ. ಭಾವನ ಕಡೆ ತಿರುಗಿ, "ನನ್ನ ಕೆಲಸದಲ್ಲೇ ಏನೋ ಲೋಪ ಆಗಿರಬೇಕು. ತಪ್ಪಾಯಿತು" ಎಂದರು.

ನಾನು ಬಾಯಿ ತೆರೆಯಲಿಲ್ಲ.

ಭಾವ ಸಿಟ್ಟಿನಲ್ಲೇ ಆಟೋ ಹತ್ತಿ ನಮ್ಮ ಮನೆಗೆ ಹೋದ ಮೇಲೆ ಪೊರ್ಬುಗಳು, "ಈಗ ಹೊಡೆಯಿರಿ" ಎಂದರು. ಒಂದೇ ಕಿಕ್ಕಿಗೆ ಗಾಡಿ ಹೊರಟಿತು. ಅವರು ಒಳಗೆ ಹೋಗಿ ಕೂತರು. ಸೋಮವಾರ ಶಾಲೆಯ ಮೇಜಿನ ಮೇಲೆ, ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕ, ಆ ವಾಷರ್ ಸಿಕ್ಕಿತು.

ಭಾವ ಹೊರಡುವ ಮೊದಲಿನ ಎರಡು ದಿನ ಸಿಕ್ಕಿದವರಿಗೆಲ್ಲ ಆ ಕಥೆ ಹೇಳಿದರು. ಹಿರಿಯಡ್ಕದವರು ಮತ್ತೆ ಬರಲಿಲ್ಲ. ಪ್ರೊಫೆಸರರು ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಪೊರ್ಬುಗಳು ಇನ್ನೊಂದು ಡಬ್ಬಿ ಕಟ್ಟಲೇ ಇಲ್ಲ.

ಆರು ತಿಂಗಳ ನಂತರ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಎಲ್ಲವನ್ನೂ ಹೇಳಿದೆ, ಕ್ಲಾಸಿನಲ್ಲಿ ಆಡಿದ ಸುಳ್ಳನ್ನೂ ಸೇರಿಸಿ. ಅವರು ಕೆಲಸ ನಿಲ್ಲಿಸದೆ ಕೇಳಿದರು.

"ವಾಷರಿಂದು ನನಗೆ ಆವತ್ತೇ ಗೊತ್ತಾಗಿದೆ ಮಾಷ್ಟ್ರೇ."

"ಮತ್ತೆ ಯಾಕೆ ಹೇಳಲಿಲ್ಲ ಪೊರ್ಬುಗಳೇ?"

"ಹೆಂಡತಿಯ ಅಣ್ಣ ಅಲ್ವಾ. ನಾಳೆ ನೀವು ಆ ಮನೆಗೆ ಹೋಗಿ ಊಟಕ್ಕೆ ಕೂರಬೇಕು." ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಅವರು ಮತ್ತೆ ಹೇಳಿದರು: "ಒಂದು ಉಪಕಾರ ಮಾಡಿ. ಅವರಿಗೊಂದು ಕಾಗದ ಬರೆಯಿರಿ. ಡಬ್ಬಿ ಸರಿ ಇತ್ತು ಅಂತ ಮಾತ್ರ. ಬೇರೆ ಎಂತದೂ ಬೇಡ."

ಬರೆಯುತ್ತೇನೆ ಎಂದೆ. ಏರೋಗ್ರಾಮ್ ತಂದು, ತಾರೀಕು ಹಾಕಿ, ‘ಪ್ರೀತಿಯ ಭಾವನವರಿಗೆ’ ಎಂದು ಬರೆದೆ. ಅದರ ಕೆಳಗಿನ ಸಾಲು ಬರಲಿಲ್ಲ. ಎರಡು ವರ್ಷದ ನಂತರ ಭಾವ ರಜೆಗೆ ಬಂದಾಗಲೂ ನನ್ನ ಬಾಯಿ ಬಿಚ್ಚಲಿಲ್ಲ. ಪೊರ್ಬುಗಳು ಆ ಕಾಗದದ ಬಗ್ಗೆ ಎಂದೂ ವಿಚಾರಿಸಲಿಲ್ಲ. ದಾರಿಯಲ್ಲಿ ಸಿಕ್ಕಿದರೆ "ಗಾಡಿ ಹೇಗುಂಟು?" ಎಂದು ಕೇಳುವರು. ಚೆನ್ನಾಗಿ ಉಂಟು ಎನ್ನುತ್ತಿದ್ದೆ. ನಿಜವಾಗಿಯೂ ಚೆನ್ನಾಗಿತ್ತು. ಆ ಸೋಪುಡಬ್ಬಿ ಮತ್ತೆ ಒಂದು ದಿನವೂ ನನ್ನನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ.

ಎಂಬತ್ತರ ದಶಕ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಪೊರ್ಬುಗಳು ಏಳಲಿಲ್ಲ. ಇಗರ್ಜಿಯ ಅಂಗಳದಲ್ಲಿ ಎಲ್ಲರ ಹಿಂದೆ ನಿಂತು ಮಣ್ಣು ಹಾಕಿ ಬಂದೆ.

ಮುಂದಿನ ರಜೆಗೆ ಭಾವ ಬಂದಾಗ ಕಾರ್ಕಳದ ಅವರ ಜಗಲಿಯಲ್ಲಿ ಕೂತು ಕೊನೆಗೂ ಹೇಳಿದೆ. ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಓ, ಆ ಬಸ್ಸು ತಪ್ಪಿದ್ದಾ? ನಾಲ್ಕು ದಿನ ತಡ ಆಯಿತು, ಕಂಪೆನಿಯವರು ಎಂತದೂ ಹೇಳಲಿಲ್ಲ ಮಾರಾಯರೇ. ಇಷ್ಟಕ್ಕೆ ನೀವು ಇಷ್ಟು ವರ್ಷ ಸುಮ್ಮನಿದ್ದಿರಾ?"

ಭಾವ ಒಳ್ಳೆಯ ಮನುಷ್ಯ. ಮರುದಿನವೇ ನನ್ನೊಡನೆ ಕಟಪಾಡಿಗೆ ಬಂದರು. ಪೊರ್ಬುಗಳ ಹೆಂಡತಿಯ ಎದುರು ಕೈಮುಗಿದು, "ಬಾಯಮ್ಮ, ಆವತ್ತು ನಾನು ಸುಮ್ಮನೆ ಬಯ್ದೆ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ" ಎಂದರು. ನಾನು ಪಕ್ಕದಲ್ಲಿ ನಿಂತು, ತಪ್ಪು ನನ್ನದು ಎಂದೆ.

ಬಾಯಮ್ಮ ಭಾವನಿಗೆ ಕುರ್ಚಿ ಹಾಕಿದರು. "ನಿಮ್ಮ ಮೇಲೆ ಅವರಿಗೆ ಬೇಜಾರಿರಲಿಲ್ಲ" ಎಂದರು. "ನೀವು ಗೊತ್ತಿಲ್ಲದೆ ಬಯ್ದದ್ದು ಅಂತ ಹೇಳುತ್ತಿದ್ದರು."

ಇನ್ನೊಂದು ಕುರ್ಚಿಯನ್ನೂ ತಂದು ನನ್ನ ಮುಂದೆ ಇಟ್ಟರು. ನನ್ನ ಬಗ್ಗೆ ಅವರು ಏನು ಹೇಳುತ್ತಿದ್ದರೆಂದು ಬಾಯಮ್ಮ ಹೇಳಲಿಲ್ಲ. ನನಗೂ ಕೇಳುವ ಧೈರ್ಯ ಬರಲಿಲ್ಲ.