ಪ್ರಶ್ನೆಪತ್ರಿಕೆಗೊಂದು ಕಂಪ್ಯೂಟರು

ನನಗೆ ಹೆದರಿಕೆ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಕುಮಟೆ ಹತ್ತಿರದ ಬಾಡ ಎಂಬ ಊರಿನ ನಮ್ಮ ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದ ಮೇಲೆ, ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂದು ತಿರುಗಿ ಹೋಗುತ್ತೇನೆ. ಗ್ಯಾಸ್ ನೋಡಿ ಮತ್ತೆ ಗೇಟಿಗೆ ಬರುವಷ್ಟರಲ್ಲಿ ಬೀಗದ ಮೇಲೆ ಸಂಶಯ ಹುಟ್ಟಿರುತ್ತದೆ. ಮನೆಯವರಾದರೂ ಧೈರ್ಯವಂತರೇ ಎಂದರೆ, ಅವರು ಬೀಗಕ್ಕೆ ಜೋತುಬಿದ್ದು ಎಳೆದು ನೋಡುವ ಪೈಕಿ. ಸ್ಕೂಟರ್ ಓಡಿಸುವಾಗಲೂ ಎರಡು ಕಾಲುಗಳನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟುಕೊಂಡೇ ಇರುತ್ತಾರೆ. ನಮ್ಮಿಬ್ಬರನ್ನು ಜೋಡಿ ಮಾಡಿದವರು ಏನು ಯೋಚಿಸಿದ್ದರೋ ಗೊತ್ತಿಲ್ಲ. ಒಬ್ಬರು ಹೆದರಿದಾಗ ಸಮಾಧಾನ ಹೇಳಲು ಇನ್ನೊಬ್ಬರು ಬೇಕಲ್ಲ, ನಮ್ಮಲ್ಲಿ ಆ ವ್ಯವಸ್ಥೆಯೇ ಇಲ್ಲ.

ಇಂಥ ನಾನು ಮೇಷ್ಟರಗಿರಿ ಮಾಡುತ್ತ ಅರ್ಧ ಆಯುಷ್ಯ ಕಳೆದ ಮೇಲೆ, ಶಿಕ್ಷಕರೆಲ್ಲ ಕಂಪ್ಯೂಟರ್ ಕಲಿಯಬೇಕು ಎಂದು ಮೇಲಿನಿಂದ ಆದೇಶ ಬಂತು. ತರಬೇತಿ ಹೊನ್ನಾವರದಲ್ಲಿ. ಬಸ್ಸು ತಪ್ಪೀತು ಎಂಬ ಭಯಕ್ಕೆ ಒಂದು ಬಸ್ಸು ಮೊದಲೇ ಹೊರಡುವವಳು ನಾನು, ಹಾಗಾಗಿ ದಿನಾ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದೆ. ಅಲ್ಲಿ ಕಲಿಸುವ ಹುಡುಗಿ ಸುನೀತಾ ಕ್ಲಾಸು ಶುರುವಾಗುವವರೆಗೆ ಕಾರು ಓಡಿಸುವ ಆಟ ಆಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು ಕುರ್ಚಿ ಬಿಟ್ಟುಕೊಟ್ಟಳು. ಬಾಣದ ಗುರುತಿನ ನಾಲ್ಕು ಗುಂಡಿಗಳಷ್ಟೇ, ಮತ್ತೇನಿಲ್ಲ ಎಂದಳು.

ಎರಡನೇ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು, ಗುಡ್ಡದಿಂದ ಹಾರಿ, ಕೆಳಗಿನ ಸಮುದ್ರಕ್ಕೆ ಬಿತ್ತು. ನಾನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡೆ. ಬೆರಳ ಸಂದಿಯಿಂದ ನೋಡಿದರೆ ಕಾರು ರಸ್ತೆಯ ಮೇಲೆ ನಿಂತಿದೆ! ಒಂದು ಗೀರಿಲ್ಲ, ಗ್ಲಾಸು ಒಡೆದಿಲ್ಲ, ಪೊಲೀಸರಿಲ್ಲ, ಸುತ್ತ ಜನ ಸೇರಿಲ್ಲ. ಎಂಜಿನ್ ಗುರುಗುಟ್ಟುತ್ತ ನನ್ನ ದಾರಿ ಕಾಯುತ್ತಿತ್ತು. ಮುಂದಿನ ತಿರುವಿನಲ್ಲಿ ನಾನು ಬ್ರೇಕ್ ಹಾಕುವ ಗೋಜಿಗೇ ಹೋಗಲಿಲ್ಲ. ಆವತ್ತು ವಾಪಸು ಬರುವಾಗ ದಾರಿಯ ಹೊಳೆಯ ಸೇತುವೆ ದಾಟಿದ್ದೇ ನನಗೆ ಗೊತ್ತಾಗಲಿಲ್ಲ. ಬೇರೆ ದಿನಗಳಲ್ಲಿ ಆ ಸೇತುವೆ ಮುಗಿಯುವವರೆಗೆ ಮುಂದಿನ ಸೀಟಿನ ಕಂಬಿ ನನ್ನ ಕೈಯಲ್ಲಿ ಬೆವರುತ್ತಿತ್ತು.

ನೀವು ನಗಬಹುದು. ಆದರೆ ಬಿದ್ದರೂ ಏನೂ ಆಗದ ಜಾಗ ಈ ಭೂಮಿಯ ಮೇಲೆ ಒಂದಿದೆ ಎಂದು ನನ್ನಂಥವಳಿಗೆ ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ತರಬೇತಿ ಮುಗಿದರೆ ಆ ಜಾಗವೂ ಮುಗಿಯಿತಲ್ಲ. ನನ್ನ ಚೀಟಿಯ ದುಡ್ಡು ಬರುವುದಿತ್ತು. ಮನೆಗೊಂದು ಕಂಪ್ಯೂಟರ್ ತರೋಣ ಎಂದು ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ ಒಂದೇ ಮಾತು ಕೇಳಿದರು: "ಎಂತಕ್ಕೆ?"

ಈ 'ಎಂತಕ್ಕೆ' ನಮ್ಮ ಕಡೆಯ ದೊಡ್ಡ ಶಬ್ದ. ಪೇಟೆಗೆ ಹೊರಟವರನ್ನೂ ಕೇಳುತ್ತೇವೆ, ಪೇಟೆಯಿಂದ ಬಂದವರನ್ನೂ ಕೇಳುತ್ತೇವೆ. ಪರಮಾತ್ಮ ಈ ಜಗತ್ತನ್ನು ಸೃಷ್ಟಿಸಿದ್ದು ಬರೀ ಲೀಲೆಗಾಗಿ ಎಂದು ದೊಡ್ಡವರು ಹೇಳುತ್ತಾರೆ. ಅಂದರೆ ಆಟಕ್ಕೆ. ಅವನ ಪುಣ್ಯ, ಆಗ ಕೇಳುವವರು ಯಾರೂ ಇರಲಿಲ್ಲ. ಕುಮಟೆಯ ಒಬ್ಬನಾದರೂ ಪಕ್ಕದಲ್ಲಿ ನಿಂತು ಕೇಳಿದ್ದರೆ ಅವನೂ ನಾಚಿಕೊಂಡು ಬೇರೆ ಕಾರಣ ಹುಡುಕುತ್ತಿದ್ದ. ನಾನಾದರೋ ಎರಡು ಹೊತ್ತು ಅನ್ನ ಬೇಯಿಸುವ, ಊರೆಲ್ಲ ಅಕ್ಕೋರೇ ಎಂದು ಕರೆಯುವ ಟೀಚರು. ಕಾರು ಬೀಳಿಸಿ ಆಡಲಿಕ್ಕೆ ಎಂದು ಹೇಗೆ ಹೇಳಲಿ? "ಪ್ರಶ್ನೆಪತ್ರಿಕೆ ಟೈಪ್ ಮಾಡೂಕೆ" ಅಂದುಬಿಟ್ಟೆ.

ಪ್ರಶ್ನೆಪತ್ರಿಕೆ ಎಂದ ಕೂಡಲೇ ಕಂಪ್ಯೂಟರಿಗೆ ಮನೆಯಲ್ಲಿ ಮರ್ಯಾದೆ ಬಂತು, ನನಗೆ ಕಷ್ಟ ಬಂತು. ಸುದ್ದಿ ಕೇರಿಗೆ ಹಬ್ಬಿ, ಸಾಮಾನು ಬರುವ ಮೊದಲೇ ಕೆಲಸ ಬರತೊಡಗಿತು. ಯಕ್ಷಗಾನ ಮಂಡಳಿಯವರು ರಸೀದಿ ಪುಸ್ತಕಕ್ಕೆ ಹೇಳಿಟ್ಟರು. ಎದುರುಮನೆಯವರು, ಮಗಳ ಸಂಬಂಧ ಇನ್ನೂ ಕೂಡಿಬರದಿದ್ದರೂ, ಲಗ್ನಪತ್ರಿಕೆಗೆ ಈಗಲೇ ಹೇಳಿಟ್ಟಿದ್ದೇವೆ ಹೌದಲ್ಲ ಎಂದು ನೆನಪಿಸಿ ಹೋದರು. ನಾನು ಎಲ್ಲರಿಗೂ ತಲೆಯಾಡಿಸುತ್ತಿದ್ದೆ.

ಬಿಡಿಭಾಗಗಳನ್ನು ಆರಿಸುವ ಕಷ್ಟವಂತೂ ಬೇರೆಯೇ. ಕಂಪನಿಯ ಕಂಪ್ಯೂಟರ್ ನಮ್ಮ ಕೈಗೆಟುಕುವಂಥದ್ದಲ್ಲ. ಒಂದೊಂದೇ ಭಾಗ ತರಿಸಿ ಜೋಡಿಸಬೇಕು. ಸುನೀತಾಳ ಹತ್ತಿರ ಕಂಪ್ಯೂಟರ್ ಮಾಸಪತ್ರಿಕೆಗಳನ್ನು ಇಸಿದುಕೊಂಡು ಬಂದು, ಪಾಠಟಿಪ್ಪಣಿಯ ರಟ್ಟಿನೊಳಗಿಟ್ಟು ಓದಿದೆ. ಓದಿದಷ್ಟೂ ಭಯ ಹೆಚ್ಚಿತು. ಈ ಪ್ರೊಸೆಸರ್ ಆ ಮದರ್‌ಬೋರ್ಡಿಗೆ ಕೂರುವುದಿಲ್ಲವಂತೆ. ಇದ್ದ ಒಂದು ಬಂಗಡೆ ಮೀನನ್ನು ನಾಲ್ಕು ತಟ್ಟೆಗೆ ಹಂಚಿದ ಹಾಗೆ ಮೆಮರಿಗೆ ಹೆಚ್ಚು ಹಾಕಿದರೆ ಮಾನಿಟರಿಗೆ ಕಡಿಮೆ, ಮಾನಿಟರಿಗೆ ಹಾಕಿದರೆ ಹಾರ್ಡ್‌ಡಿಸ್ಕಿಗೆ ಇಲ್ಲ. ಮೇಲಾಗಿ ನಮ್ಮೂರಿನ ಉಪ್ಪುಗಾಳಿ. ಎರಡು ಮಳೆಗಾಲಕ್ಕೆ ಕಿಟಕಿಯ ಸರಳೇ ಉದುರುವ ಕಡೆ ಆ ಕೂದಲೆಳೆಯಂಥ ತಂತಿಗಳ ಗತಿಯೇನು? ಸಿಡಿಲು ಬಂದರೆ? ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬಂದರೆ? ಬಿದ್ದರೂ ಏನೂ ಆಗದ ಜಾಗಕ್ಕೆ ಹೋಗಲು, ತಪ್ಪಿದರೆ ಸರಿಪಡಿಸಲಾಗದ ಇಷ್ಟೊಂದು ಕೆಲಸ ಮಾಡಬೇಕಾಗಿ ಬಂತಲ್ಲ ಎಂದು ನನಗೆ ಅಳುವೇ ಬರುತ್ತಿತ್ತು.

ಆಟಕ್ಕೆ ಮುಖ್ಯವಾಗಿ ಬೇಕಾದದ್ದು ಗ್ರಾಫಿಕ್ಸ್ ಕಾರ್ಡು. ಅದಿಲ್ಲದಿದ್ದರೆ ಕಾರು ಎತ್ತಿನಗಾಡಿಯಾಗುತ್ತದೆ, ಸಮುದ್ರ ನೀಲಿ ಬಣ್ಣದ ಗೋಣಿತಟ್ಟಾಗುತ್ತದೆ ಎಂದು ಸುನೀತಾ ಹೇಳಿದ್ದಳು. ಶಾಲೆಯ ಜೊತೆಗಾರ್ತಿಯರೊಂದಿಗೆ ಫಾರಿನ್ ಛತ್ರಿ ತರಲು ಭಟ್ಕಳಕ್ಕೆ ಹೋದಾಗ, ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಸೆಂಟಿನ ಬಾಟಲಿಗಳ ನಡುವೆ ಆ ಡಬ್ಬಿ ಕಂಡಿತು. ದುಬೈಯಿಂದ ತಮ್ಮ ತಂದದ್ದು ಎಂದ ಅಂಗಡಿಯ ಯಜಮಾನರು, ಒಳಗಿದ್ದ ಮಗನ ಹತ್ತಿರ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಕೇಳಿ, ಅರ್ಧ ಬೆಲೆಗೆ ಕೊಡುತ್ತೇನೆ ಎಂದರು. ಆದರೆ ಗ್ಯಾರಂಟಿ ಇಲ್ಲ, ಮಾರಿದ ಮೇಲೆ ವಾಪಸು ಇಲ್ಲ. ಜೊತೆಗಾರ್ತಿಯರು ಛತ್ರಿ ಬಿಚ್ಚಿ ಮುಚ್ಚಿ ಪರೀಕ್ಷೆ ಮಾಡುತ್ತಿದ್ದಾಗ ನಾನು ಬೆವರುತ್ತ ಆ ಕಾರ್ಡು ಕೊಂಡೆ. ಮನೆಗೆ ಬಂದು, ಗಾಳಿ ತಾಗದಿರಲಿ ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿಡಬ್ಬಿಯಲ್ಲಿ ಹುಗಿದಿಟ್ಟೆ. ದಿನಾ ಅಕ್ಕಿ ಅಳೆಯುವಾಗ ಅದು ಕೈಗೆ ತಾಗಿದರೆ ಒಂದು ಸಮಾಧಾನ, ಆ ದಿನದ ಮಟ್ಟಿಗೆ.

ಇತ್ತ ಮನೆಯವರು ತಮ್ಮ ಕಚೇರಿಯ ನಾಗೇಶಣ್ಣನನ್ನು ಸಲಹೆಗೆ ಹಿಡಿದಿದ್ದರು. ಕಚೇರಿಗೆ ಕಂಪ್ಯೂಟರ್ ಬಂದಾಗ ಅದರ ಪೆಟ್ಟಿಗೆ ಒಡೆದವರು ಅವರು, ಅಂದಿನಿಂದ ಆ ವಿಷಯದಲ್ಲಿ ಅವರದೇ ಕೊನೆಯ ಮಾತು. ಪ್ರಶ್ನೆಪತ್ರಿಕೆ ಎಂಬುದನ್ನು ಹಿಡಿದುಕೊಂಡು ಅವರು ಎಲ್ಲವನ್ನೂ ಚಿವುಟುತ್ತ ಹೋದರು. ಟೈಪಿಂಗಿಗೆ ಇಷ್ಟು ಮೆಮರಿ ಯಾಕೆ, ಸಣ್ಣ ಪ್ರೊಸೆಸರ್ ಸಾಕು, ಸ್ಪೀಕರ್ ಬೇಡವೇ ಬೇಡ. ನಮ್ಮ ದುಡ್ಡು ಉಳಿಸಬೇಕೆಂದೇ ಆ ಪಾಪದವರು ಒದ್ದಾಡುತ್ತಿದ್ದರು, ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಅವರ ಸಲಹೆ ಕೇಳಿ ಬಂದ ದಿನವೆಲ್ಲ ನನ್ನ ಕಾರಿನ ಒಂದೊಂದು ಗಾಲಿ ಕಳಚಿದಂತೆ ನನಗೆ ಅನಿಸುತ್ತಿತ್ತು.

ಕೊನೆಗೊಂದು ಶನಿವಾರ ಮಧ್ಯಾಹ್ನ ನಾವು ಮೂವರೂ ಕುಮಟೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಪ್ರಕಾಶ ಎಂಬವನ ಅಂಗಡಿಗೆ ಹೋದೆವು. ಅವನು ಹುಬ್ಬಳ್ಳಿಗೆ ಫೋನು ಮಾಡಿದರೆ ಸಂಜೆಯ ಬಸ್ಸಿಗೆ ಸಾಮಾನು ಹಾಕುತ್ತಾರೆ. ಹೊರಡುವಾಗ ಏನನಿಸಿತೋ, ಕಾರ್ಡನ್ನು ಅಕ್ಕಿಯಿಂದ ತೆಗೆದು ನನ್ನ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ನಾಗೇಶಣ್ಣ ಹೇಳುತ್ತ ಹೋದರು, ಪ್ರಕಾಶ ಹೂಂಗುಡುತ್ತ ಹೋದ. ಮದರ್‌ಬೋರ್ಡಿನ ಸರದಿ ಬಂದಾಗ, ಡಿಸ್ಪ್ಲೇ ಅದರಲ್ಲೇ ಸೇರಿರುವ ಸೋವಿಯದು ಸಾಕು ಎಂದರು.

ನಾನು ಕೇಳಿದೆ, "ಅದ್ರಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಇರ್ತದಾ?"

"ಇಲ್ಲ ಅಕ್ಕೋರೆ," ಅಂದ ಪ್ರಕಾಶ. "ಪ್ರಶ್ನೆಪತ್ರಿಕೆಗೆ ಅದೆಲ್ಲ ಎಂತಕ್ಕೆ?" ಎನ್ನುತ್ತ ಫೋನು ಕೈಗೆತ್ತಿಕೊಂಡ.

ಸ್ಲಾಟ್ ಇಲ್ಲದ ಬೋರ್ಡಿನಲ್ಲಿ ನನ್ನ ಕಾರ್ಡು ಕೂರುವುದೇ ಇಲ್ಲ. ಮತ್ತೆ ಬೋರ್ಡು ಬದಲಾಯಿಸುವ ಮಾತು ಈ ಜನ್ಮಕ್ಕೆ ಇಲ್ಲ. ರಸೀದಿ ಪುಸ್ತಕ, ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಟೈಪು ಮಾಡುತ್ತ ನಾನು ಮುದುಕಿಯಾಗುವುದು ಕಣ್ಣೆದುರು ಕಂಡಿತು. ಪ್ರಕಾಶ ನಂಬರು ಒತ್ತತೊಡಗಿದ್ದ. ನನ್ನ ಕೈ ನನ್ನನ್ನು ಕೇಳದೆಯೇ ಬ್ಯಾಗಿಗೆ ಹೋಯಿತು. ಡಬ್ಬಿಯನ್ನು ತೆಗೆದು ಅವನೆದುರಿನ ಗಾಜಿನ ಮೇಜಿನ ಮೇಲಿಟ್ಟೆ. ಅದರ ಜೊತೆ ನಾಲ್ಕು ಅಕ್ಕಿಕಾಳೂ ಬಿದ್ದವು.

"ಇದು ಕೂರೂ ಬೋರ್ಡೇ ಬೇಕು," ಅಂದೆ. "ನಂಗೆ ಆಟ ಆಡೂಕೆ."

ನಾಗೇಶಣ್ಣ ಅಕ್ಕಿಕಾಳು ನೋಡುತ್ತಿದ್ದರು. ಮನೆಯವರು ನನ್ನನ್ನು ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಗಿ, ಈಗಲೇ ಸಮುದ್ರಕ್ಕೆ ಬಿದ್ದರೂ ಆದೀತು ಅನಿಸಿತು. ಪ್ರಕಾಶ ಫೋನು ಕೆಳಗಿಟ್ಟು, ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಗಂಭೀರವಾಗಿ ಕೇಳಿದ.

"ಎಂತ ಆಟ ಅಕ್ಕೋರೆ?"

ಇಷ್ಟು ತಿಂಗಳಲ್ಲಿ ಎಂತಕ್ಕೆ ಎನ್ನದೆ ಎಂತ ಆಟ ಎಂದು ಕೇಳಿದವನು ಅವನೊಬ್ಬನೇ. ಕಾರಿನದು ಎಂದೆ. ಹಾಗಾದರೆ ಬೋರ್ಡೂ ಬೇರೆ ಬೇಕು, ಮೆಮರಿಯೂ ಹೆಚ್ಚು ಬೇಕು, ಸ್ಪೀಕರಿಲ್ಲದೆ ಕಾರು ಓಡಿಸಿ ಪ್ರಯೋಜನವಿಲ್ಲ, ಮಾನಿಟರು ಸ್ವಲ್ಪ ಸಣ್ಣದಿರಲಿ ಎಂದು ಅವನು ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದ. ಚೀಟಿಯ ದುಡ್ಡಿನೊಳಗೇ ಕೂಡಿಸಿದ.

ಸ್ಕೂಟರು ಬಾಡದ ರಸ್ತೆಗೆ ತಿರುಗಿದ ಮೇಲೆ ಮನೆಯವರು, ಮುಂದೆ ನೋಡುತ್ತಲೇ, ಮೊದಲೇ ಹೇಳಿದ್ದರೆ ತಾನು ಬೇಡ ಎನ್ನುತ್ತಿದ್ದೆನೇ ಎಂದು ಕೇಳಿದರು. ಬೇಡ ಅನ್ನುತ್ತಿರಲಿಲ್ಲ, ನಿಜ. ಎಂತಕ್ಕೆ ಅನ್ನುತ್ತಿದ್ದರು. ಅದನ್ನು ನಾನು ಹೇಳಲಿಲ್ಲ, ಅವರ ಬೆನ್ನು ಸ್ವಲ್ಪ ಬೇಸರದಲ್ಲಿದ್ದ ಹಾಗೆ ಕಂಡಿತು.

ಜೋಡಿಸಿದ ಕಂಪ್ಯೂಟರನ್ನು ಪ್ರಕಾಶ ಮರುವಾರ ಮನೆಗೆ ತಂದು ಕೂರಿಸಿದ. ಅವನು ಹೋದ ಮೇಲೆ ಮನೆಯವರು ಪ್ಲಗ್ಗು ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡಿದರು, ನಾನು ಇನ್ನೊಮ್ಮೆ ಒತ್ತಿ ನೋಡಿದೆ. ಆಟ ಶುರುವಾಯಿತು. ಅವರು ನನ್ನ ಕುರ್ಚಿಯ ಹಿಂದೆ ನಿಂತು, ನಿಧಾನ, ನಿಧಾನ, ಬ್ರೇಕ್ ಹಾಕು ಎನ್ನುತ್ತಲೇ ಇದ್ದರು. ಗುಡ್ಡದ ತಿರುವು ಬಂತು. ಕಾರು ಹಾರಿ ಸಮುದ್ರಕ್ಕೆ ಬಿತ್ತು. ಕುರ್ಚಿಯ ಬೆನ್ನು ಹಿಡಿದಿದ್ದ ಅವರ ಕೈ ಬಿಗಿಯಾದದ್ದು ನನಗೆ ತಿಳಿಯಿತು. ತಿರುಗಿ ನೋಡಿದರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾರೆ.

"ಕಣ್ಣು ಬಿಡಿ," ಅಂದೆ.

ಬಿಟ್ಟರು. ಕಾರು ರಸ್ತೆಯ ಮೇಲೆ ನಿಂತು ಗುರುಗುಟ್ಟುತ್ತಿತ್ತು. ಅವರು ಪರದೆಯ ಹತ್ತಿರ ಬಗ್ಗಿ, ಎಲ್ಲಾದರೂ ಪೆಟ್ಟಾಗಿದೆಯೇ ಎಂದು ಎಡಬಲ ನೋಡಿದರು. ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಒಳಗೆ ಹೋಗಿ ಊಟದ ಮೇಜಿನ ಕುರ್ಚಿಯೊಂದನ್ನು ಎತ್ತಿ ತಂದು, ಅದರ ಕಾಲು ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿ, ನನ್ನ ಪಕ್ಕದಲ್ಲಿ ಹಾಕಿಕೊಂಡು ಕೂತರು.

"ಇನ್ನೊಂದ್ ಸಲ ಬೀಳ್ಸು, ನೋಡ್ವ," ಅಂದರು.

ಬೀಳಿಸಿದೆ.